ಸಬ್‌ವೂಫರ್ ಕ್ರಾಸೋವರ್ ಎಷ್ಟಕ್ಕೆ ಇಡಬೇಕು?

ಮನೆಗೆ ಹೊಸದಾಗಿ ಹೋಮ್ ಥಿಯೇಟರ್ ತಂದವರು, ಹಳೇ ಸ್ಟೀರಿಯೋಗೆ ಸಬ್‌ವೂಫರ್ (ತಗ್ಗು ದನಿಗೆಂದೇ ಇರುವ ಬಾಸ್ ಸ್ಪೀಕರ್) ಜೋಡಿಸಿದವರು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದೊಂದೇ: ಕ್ರಾಸೋವರ್ ಎಷ್ಟಕ್ಕೆ ಇಡಲಿ? ಒಂದೇ ಅಂಕಿ ಹೇಳಿ ಸಾಕು ಅನ್ನುವವರಿಗೆ 80 ಹರ್ಟ್ಜ್ (ಸೆಕೆಂಡಿಗೆ 80 ಕಂಪನ) ಅನ್ನುತ್ತೇನೆ. ಬಹಳಷ್ಟು ಮನೆಗಳಲ್ಲಿ ಅದು ಸರಿಹೋಗುತ್ತದೆ. ಆದರೆ ಆ ಅಂಕಿ ಎಲ್ಲಿಂದ ಬಂತು ಅಂತ ತಿಳಿದರೆ, ನಿಮ್ಮ ಮನೆಗೆ ಅದು 60 ಆಗಬೇಕೋ 100 ಆಗಬೇಕೋ ಅಂತ ನೀವೇ ಹೇಳಬಲ್ಲಿರಿ.

ಕ್ರಾಸೋವರ್ ಅಂದರೆ ಕೆಲಸ ಹಂಚುವ ಗಡಿ. ಅದರ ಕೆಳಗಿನ ದನಿ ಸಬ್‌ವೂಫರ್‌ಗೆ, ಮೇಲಿನದು ಉಳಿದ ಸ್ಪೀಕರ್‌ಗಳಿಗೆ. ಗಡಿ ಅಂದೆನಾದರೂ ಅದು ಗೋಡೆಯ ಹಾಗೆ ನೆಟ್ಟಗಿಲ್ಲ, ಇಳಿಜಾರಾಗಿದೆ. ಹೆಚ್ಚಿನ ಎವಿ ರಿಸೀವರ್‌ಗಳಲ್ಲಿ (ಹೋಮ್ ಥಿಯೇಟರ್ ನಡೆಸುವ ಆಂಪ್) ಸಬ್‌ಗೆ ಹೋಗುವ ಸಿಗ್ನಲ್ ಗಡಿಯ ಮೇಲೆ ಆಕ್ಟೇವ್‌ಗೆ, ಅಂದರೆ ಹರ್ಟ್ಜ್ ದುಪ್ಪಟ್ಟಾದಾಗಲೆಲ್ಲ, 24 ಡೆಸಿಬೆಲ್‌ನಂತೆ ಇಳಿಯುತ್ತದೆ. 80ಕ್ಕೆ ಇಟ್ಟರೂ 100, 120 ಹರ್ಟ್ಜ್‌ನ ದನಿ ಸಬ್‌ನಿಂದ ಸಣ್ಣಗೆ ಬರುತ್ತಲೇ ಇರುತ್ತದೆ. ಇನ್ನು 80 ಎಲ್ಲಿಂದ ಬಂತು ಅಂದರೆ, ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ದನಿ ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಮನೆಯ ಕೋಣೆಯಲ್ಲಿ ನಮ್ಮ ಕಿವಿ ಗುರುತಿಸುವುದು ಕಷ್ಟ. ಲುಕಾಸ್‌ಫಿಲ್ಮ್‌ನಲ್ಲಿ ಹುಟ್ಟಿದ, ಸಿನಿಮಾ ಧ್ವನಿಯ ಗುಣಮಟ್ಟ ಗೊತ್ತುಮಾಡುವ ಟಿಎಚ್‌ಎಕ್ಸ್ ಮನೆಯ ಥಿಯೇಟರ್‌ಗಳಿಗೆ 80 ಅನ್ನೇ ಗೊತ್ತುಮಾಡಿತು. ಅಲ್ಲಿಂದ ಅದು ಎಲ್ಲರ ಬಾಯಲ್ಲೂ ನಿಂತಿತು.

ಈ ದಿಕ್ಕಿನ ವಿಷಯ ಎಷ್ಟು ಮುಖ್ಯ ಅನ್ನುವುದು ನಮ್ಮ ಸಂಗೀತ ಕೇಳುವವರಿಗೆ ಬೇಗ ಗೊತ್ತಾಗುತ್ತದೆ. ಪರಿಚಯದವರೊಬ್ಬರ ಮನೆಯಲ್ಲಿ ಅಂಗೈಯಗಲದ ಸ್ಯಾಟಲೈಟ್ ಸ್ಪೀಕರ್‌ಗಳು ಇದ್ದವು. ಕ್ರಾಸೋವರ್ 150ಕ್ಕೆ ಇತ್ತು, ಸಬ್ ಸೋಫಾದ ಹಿಂದಿನ ಮೂಲೆಯಲ್ಲಿತ್ತು. ಹಿಂದೂಸ್ತಾನಿ ಗಾಯನ ಹಾಕಿದರು. ಗಾಯಕರು ಮಧ್ಯ ಸಪ್ತಕದಲ್ಲಿರುವಾಗ ದನಿ ಎದುರಿಗೇ ಇತ್ತು. ಮಂದ್ರಕ್ಕೆ ಇಳಿದರೋ ಇಲ್ಲವೋ, ದನಿಯ ಬುಡ ಕಳಚಿಕೊಂಡು ನಮ್ಮ ಬೆನ್ನ ಹಿಂದೆ ಹೋಯಿತು. ಕಾರಣ ಲೆಕ್ಕದಲ್ಲೇ ಇದೆ. ಬಿಳಿ ಒಂದರ (ಹಾರ್ಮೋನಿಯಂನ ಸಿ) ಶ್ರುತಿಗೆ ಹಾಡುವ ಗಂಡಸಿನ ಮಧ್ಯ ಷಡ್ಜ ಸುಮಾರು 131 ಹರ್ಟ್ಜ್, ಮಂದ್ರ ಪಂಚಮ 98. ಬಿಳಿ ಐದರಲ್ಲಿ ಹಾಡುವ ಗಾಯಕಿಯ ಮಂದ್ರ ಪಂಚಮ ಕೂಡ 147. ಕ್ರಾಸೋವರ್ 150ಕ್ಕೆ ಇದ್ದಾಗ ಇವೆಲ್ಲ ಸಬ್‌ನ ಪಾಲಾಗುತ್ತವೆ. ಅದೇ 80ಕ್ಕೆ ಇಟ್ಟರೆ 131 ಹರ್ಟ್ಜ್‌ನಲ್ಲಿ ಸಬ್‌ನ ದನಿ ಸುಮಾರು 18 ಡೆಸಿಬೆಲ್ ಕೆಳಗಿರುತ್ತದೆ, ಗಾಯಕ ಎದುರಿಗೇ ಉಳಿಯುತ್ತಾನೆ. ಅಷ್ಟು ಪುಟ್ಟ ಸ್ಪೀಕರ್‌ಗಳಿಗೆ ಗಡಿಯನ್ನು 80ಕ್ಕೆ ಇಳಿಸಲು ಆಗುವುದಿಲ್ಲ, ಅವು ಒದ್ದಾಡುತ್ತವೆ. ಆಗ ಸಬ್ ಅನ್ನೇ ಮುಂದಕ್ಕೆ ತಂದು ಎಡ ಬಲ ಸ್ಪೀಕರ್‌ಗಳ ನಡುವೆ ಇಡಬೇಕು. ಅವರ ಮನೆಯಲ್ಲೂ ಹಾಗೇ ಮಾಡಿದೆವು.

ಅಂದಮೇಲೆ ಮೊದಲು ನೋಡಬೇಕಾದದ್ದು ನಿಮ್ಮ ಸ್ಪೀಕರ್ ಎಷ್ಟು ಕೆಳಕ್ಕೆ ಇಳಿಯಬಲ್ಲದು ಅನ್ನುವುದನ್ನು. ಪೆಟ್ಟಿಗೆಯ ಮೇಲಿನ ದೊಡ್ಡಕ್ಷರ ನಂಬಬೇಡಿ. ಪುಸ್ತಕದಲ್ಲಿ ‘ಪ್ಲಸ್ ಆರ್ ಮೈನಸ್ 3 ಡೆಸಿಬೆಲ್’ ಅಂತ ಬರೆದಿರುವ ಕಡೆ ಕೆಳತುದಿಯ ಹರ್ಟ್ಜ್ ಅಂಕಿ ಹುಡುಕಿ. ಅದು 55 ಅಥವಾ 60 ಇದ್ದರೆ ಕ್ರಾಸೋವರ್ 80ಕ್ಕೆ ಇಡಿ. ನಾಲ್ಕು ಇಂಚಿನ ವೂಫರ್ ಇರುವ ಬುಕ್‌ಶೆಲ್ಫ್ ಆದರೆ 100. 35, 40ರವರೆಗೆ ಇಳಿಯುವ ಟವರ್ ಇದ್ದರೆ 60 ಕೂಡ ನಡೆಯುತ್ತದೆ, ಆದರೂ ನಾನು 80ನ್ನೇ ಮೊದಲು ಕೇಳಿ ನೋಡುತ್ತೇನೆ.

ಟವರ್ ಸ್ಪೀಕರ್ ಇರುವವರಿಗೆ ಒಂದು ಮಾತು. ರಿಸೀವರ್‌ನ ಮೆನುವಿನಲ್ಲಿ ಅವನ್ನು ‘ಲಾರ್ಜ್’ನಿಂದ ‘ಸ್ಮಾಲ್’ಗೆ ಬದಲಾಯಿಸಿ ಅಂದರೆ ಎಷ್ಟೋ ಜನ ಒಪ್ಪುವುದಿಲ್ಲ, ಅಷ್ಟು ದುಡ್ಡು ಕೊಟ್ಟು ತಂದದ್ದು ಸ್ಮಾಲ್ ಹೇಗಾಗುತ್ತದೆ ಅನ್ನುತ್ತಾರೆ. ಆ ಪದಕ್ಕೂ ಸ್ಪೀಕರ್‌ನ ಎತ್ತರಕ್ಕೂ ಸಂಬಂಧವಿಲ್ಲ. ‘ಸ್ಮಾಲ್’ ಅಂದರೆ ಈ ಸ್ಪೀಕರ್‌ನ ಬಾಸ್ ಸಬ್‌ಗೆ ಕಳಿಸು ಅಂತ ಅರ್ಥ, ಅಷ್ಟೇ. ‘ಲಾರ್ಜ್’ ಅಂತ ಬಿಟ್ಟರೆ ಆ ಸ್ಪೀಕರ್‌ಗೆ ಕ್ರಾಸೋವರ್ರೇ ಇರುವುದಿಲ್ಲ. ಆಟೋ ಕ್ಯಾಲಿಬ್ರೇಶನ್ (ಮೈಕ್ ಇಟ್ಟು ರಿಸೀವರ್ರೇ ಮಾಡುವ ಅಳತೆ) ತಾನಾಗಿ ‘ಲಾರ್ಜ್’ ಅಥವಾ 40 ಅಂತ ತೋರಿಸಿದ್ದರೂ ಧೈರ್ಯವಾಗಿ 80ಕ್ಕೆ ಏರಿಸಿ. ಏರಿಸುವುದರಿಂದ ತೊಂದರೆಯಿಲ್ಲ, ಅದು ತೋರಿಸಿದ್ದಕ್ಕಿಂತ ಇಳಿಸಬಾರದು.

ಸಬ್‌ನ ಬೆನ್ನಿನಲ್ಲೂ ಕ್ರಾಸೋವರ್ ನಾಬ್ ಇದೆಯಲ್ಲ, ಅದನ್ನೇನು ಮಾಡುವುದು? ರಿಸೀವರ್ ಈ ಕೆಲಸ ಮಾಡುತ್ತಿದ್ದರೆ ಅದನ್ನು ಅತಿ ಹೆಚ್ಚಿನ ಅಂಕಿಗೆ ತಿರುಗಿಸಿ, ಇಲ್ಲವೇ ‘ಎಲ್‌ಎಫ್‌ಇ’ ಅಂತ ಸ್ವಿಚ್ ಇದ್ದರೆ ಅಲ್ಲಿಗೆ ಹಾಕಿ. ಎರಡೂ ಕಡೆ 80 ಇಟ್ಟರೆ ಒಂದೇ ಸಿಗ್ನಲ್ ಎರಡು ಸಲ ಸೋಸಿಹೋಗಿ ಗಡಿಯ ಹತ್ತಿರ ಬಾಸ್ ಬತ್ತುತ್ತದೆ. ಮೆನುವಿನಲ್ಲಿ ‘ಎಲ್‌ಪಿಎಫ್ ಫಾರ್ ಎಲ್‌ಎಫ್‌ಇ’ ಅಂತ ಇನ್ನೊಂದು ಸಾಲು ಕಾಣುತ್ತದೆ. ಅದು ಸಿನಿಮಾದ ಪಾಯಿಂಟ್ ಒನ್ ಚಾನೆಲ್‌ಗೆ (5.1ರಲ್ಲಿ ಬಾಸ್‌ಗೆಂದೇ ಇರುವ ಆ .1, ಅದೇ ಎಲ್‌ಎಫ್‌ಇ) ಸೇರಿದ್ದು, 120ರಲ್ಲೇ ಬಿಡಿ.

ಇನ್ನು ‘ಗುಂಯ್’ ಅನ್ನುವ ಬಾಸ್. ಇದರ ಬಗ್ಗೆ ನನಗೆ ಹೇಳುವುದು ಬಹಳ ಇದೆ. ಒಂದು ಸ್ವರ ಮಾತ್ರ ಕೋಣೆ ತುಂಬ ಊದಿಕೊಂಡು ಉಳಿದವು ಕೇಳದೇ ಹೋದಾಗ ಜನ ಕ್ರಾಸೋವರ್ ಇಳಿಸುತ್ತಾರೆ. 80ರಿಂದ 70, ಆಮೇಲೆ 60. ಕಡಿಮೆಯಾಗುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾದ 10ಕ್ಕೆ 12 ಅಡಿಯ ಕೋಣೆ ತೆಗೆದುಕೊಳ್ಳಿ. 12 ಅಡಿ ದೂರದಲ್ಲಿರುವ ಎರಡು ಗೋಡೆಗಳ ನಡುವೆ ಸುಮಾರು 47 ಹರ್ಟ್ಜ್‌ನ ಅಲೆ ನಿಂತು ಆ ಸ್ವರ ಊದಿಕೊಳ್ಳುತ್ತದೆ, 10 ಅಡಿ ದೂರದವುಗಳ ನಡುವೆ 56. ಸೂರೂ 10 ಅಡಿ ಎತ್ತರದಲ್ಲಿದ್ದರೆ ಅದೇ 56ಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಈ ಅಂಕಿಗಳು ಗಡಿಯ ಕೆಳಗೇ ಇವೆ. ಗಡಿ ಎಲ್ಲಿಟ್ಟರೂ ಅವು ಸಬ್‌ನ ಪಾಲಿಗೇ ಬರುತ್ತವೆ. ಇಟ್ಟಿಗೆ ಗೋಡೆ, ಆರ್‌ಸಿಸಿ ಸೂರು, ಗ್ರಾನೈಟ್ ನೆಲ ಯಾವುದೂ ಬಾಸ್ ಹೀರುವುದಿಲ್ಲ, ಎಲ್ಲವೂ ತಿರುಗಿ ಎಸೆಯುತ್ತವೆ.

ಹಾಗಾಗಿ ಮೆನು ಮುಚ್ಚಿ ಸಬ್ ಸರಿಸಿ. ನೀವು ಕೂರುವ ಸೋಫಾದ ಮೇಲೆಯೇ ಸಬ್ ಇಟ್ಟು, ಬಾಸ್ ಚೆನ್ನಾಗಿರುವ ಒಂದು ಹಾಡನ್ನು ಮತ್ತೆ ಮತ್ತೆ ಹಾಕಿ, ಸಬ್ ಇಡಲು ಜಾಗವಿರುವ ಕಡೆಯೆಲ್ಲ ನೆಲದ ಮಟ್ಟಕ್ಕೆ ಕಿವಿ ತಗ್ಗಿಸಿ ಕೇಳುತ್ತಾ ಹೋಗಿ. ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವ ಜಾಗ ಸಿಗುತ್ತದೆ. ಸಬ್ ಅಲ್ಲಿಗೆ ಹೋಗಲಿ. ಮೂಲೆಯಲ್ಲಿ ದನಿ ಜೋರಾಗುತ್ತದೆ ನಿಜ, ಆದರೆ ಈ ಗುಂಯ್‌ಗುಡುವಿಕೆಯೂ ಅಲ್ಲೇ ಹೆಚ್ಚು. ಸೋಫಾ ಗೋಡೆಗೆ ಅಂಟಿಕೊಂಡಿದ್ದರೆ ಒಂದೆರಡು ಅಡಿ ಮುಂದೆ ಎಳೆದರೂ ವ್ಯತ್ಯಾಸ ತಿಳಿಯುತ್ತದೆ.

ಜಾಗ ಗೊತ್ತಾದ ಮೇಲೆ ಫೇಸ್, ಅಂದರೆ ಸಬ್‌ನ ಅಲೆಯೂ ಸ್ಪೀಕರ್‌ಗಳ ಅಲೆಯೂ ಒಟ್ಟಿಗೆ ಹೆಜ್ಜೆ ಹಾಕುವುದು. 80 ಹರ್ಟ್ಜ್‌ನ ಟೆಸ್ಟ್ ಟೋನ್ ಹಾಕಿ ನಿಮ್ಮ ಜಾಗದಲ್ಲಿ ಕೂತು, ಇನ್ನೊಬ್ಬರಿಗೆ ಸಬ್‌ನ ಸ್ವಿಚ್ 0ಯಿಂದ 180ಕ್ಕೆ ಬದಲಾಯಿಸಲು ಹೇಳಿ. ಯಾವುದರಲ್ಲಿ ದನಿ ತುಂಬಿ ಬರುತ್ತದೋ ಅದು ಸರಿ. ಆಟೋ ಕ್ಯಾಲಿಬ್ರೇಶನ್ ಸಬ್‌ನ ದೂರವನ್ನು ಟೇಪಿನಲ್ಲಿ ಅಳೆದದ್ದಕ್ಕಿಂತ ಹೆಚ್ಚು ತೋರಿಸಿದ್ದರೆ ತಿದ್ದಬೇಡಿ. ಸಬ್‌ನೊಳಗಿನ ಸರ್ಕ್ಯೂಟ್ ತಡಮಾಡುವ ಹೊತ್ತನ್ನೂ ಅದು ದೂರವೆಂದೇ ಲೆಕ್ಕ ಹಾಕಿರುತ್ತದೆ.

ರಿಸೀವರ್ ಇಲ್ಲದೆ ಬರೀ ಸ್ಟೀರಿಯೋ ಆಂಪ್ ಇರುವವರ ದಾರಿ ಬೇರೆ. ಹೆಚ್ಚಿನ ಆಂಪ್‌ಗಳು ಸ್ಪೀಕರ್‌ಗಳಿಂದ ಬಾಸ್ ಕಡಿತ ಮಾಡುವುದಿಲ್ಲ. ಸ್ಪೀಕರ್ ತನ್ನಷ್ಟಕ್ಕೆ ಇಳಿಯುವಷ್ಟು ಇಳಿಯುತ್ತದೆ, ಸಬ್ ಅಲ್ಲಿಂದ ಎತ್ತಿಕೊಳ್ಳಬೇಕು. ಇಲ್ಲಿ ಸಬ್‌ನ ಬೆನ್ನಿನ ನಾಬ್ಬೇ ನಿಮ್ಮ ಕ್ರಾಸೋವರ್. ಅದನ್ನು 50ರ ಹತ್ತಿರ ಇಟ್ಟು, ವಾಲ್ಯೂಮ್ ಪೂರ್ತಿ ಇಳಿಸಿ, ಮೃದಂಗವಿರುವ ಒಂದು ಕಛೇರಿ ಹಾಕಿ. ಎಡಗೈಯ ಗುಂಕಿಗೆ ತೂಕ ಬರುವವರೆಗೆ ವಾಲ್ಯೂಮ್ ನಿಧಾನವಾಗಿ ಏರಿಸಿ. ಸಬ್ ಇರುವ ಕಡೆಗೆ ನಿಮ್ಮ ಗಮನ ಹೋದ ಕೂಡಲೇ ಒಂದು ಚೂರು ಹಿಂದಕ್ಕೆ ತಿರುಗಿಸಿ ಬಿಡಿ.