ಹತ್ತಿರದ ದಾರಿ ಬಿಟ್ಟು ಗಾಳಿಯ ದಾರಿ ಹಿಡಿದ ವಿಮಾನ

ಸಿಂಗಪುರದ ಚಾಂಗಿಯಿಂದ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣಕ್ಕೆ, ಗೋಳದ ಮೇಲೆ ದಾರ ಹಿಡಿದು ಅಳೆದರೆ, ಸುಮಾರು 15,300 ಕಿಲೋಮೀಟರ್. ಎರಡೂ ಊರುಗಳು ಭೂಮಿಯ ಎದುರುಬದುರು ಮಗ್ಗುಲಲ್ಲಿರುವುದರಿಂದ ಆ ದಾರ ಚೀನಾ, ರಷ್ಯಾಗಳ ಮೇಲೆ ಸಾಗಿ ಉತ್ತರ ಧ್ರುವದ ಸಮೀಪವೇ ಹಾದುಹೋಗುತ್ತದೆ. ಗಂಟೆಗೆ 900 ಕಿಲೋಮೀಟರ್ ವೇಗದಲ್ಲಿ ಲೆಕ್ಕ ಹಾಕಿದರೆ 17 ಗಂಟೆಗಳ ಹಾರಾಟ.

ಫೆಬ್ರವರಿಯ ಒಂದು ಮಧ್ಯರಾತ್ರಿ ಕಳೆದು ಹೊರಟ ನಮ್ಮ ವಿಮಾನ ಆ ದಾರಿಯ ಕಡೆ ತಿರುಗಲೇ ಇಲ್ಲ. ಎದುರಿನ ಪರದೆಯಲ್ಲಿ ಅದರ ಗೆರೆ ಈಶಾನ್ಯಕ್ಕೆ ಬಾಗಿ ಜಪಾನಿನತ್ತ ಹೊರಟಿತು. ಪೆಸಿಫಿಕ್ ಸಾಗರ ದಾಟುವ ಈ ದಾರಿ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದ. ಹಾಗಿದ್ದೂ ಇದನ್ನೇ ಹಿಡಿಯಲು ಕಾರಣ ಗಾಳಿ. ಚಳಿಗಾಲದಲ್ಲಿ ಜಪಾನಿನ ಮೇಲೆ, ಹತ್ತು ಕಿಲೋಮೀಟರ್ ಎತ್ತರದ ಆಸುಪಾಸಿನಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಹರಿಯುತ್ತಿರುತ್ತದೆ. ಅದರೊಳಗೆ ಹೊಕ್ಕೊಡನೆ ಪರದೆಯ ಮೇಲಿನ ವೇಗ ಏರತೊಡಗಿತು: 940, 1,010, 1,080. ಎಂಜಿನ್ನಿನ ಸದ್ದು ಮಾತ್ರ ಒಂದಿಷ್ಟೂ ಬದಲಾಗಲಿಲ್ಲ. ನಾನು ನಿದ್ದೆಯನ್ನೂ ಮರೆತು ಆ ಅಂಕಿಗಳನ್ನೇ ನೋಡುತ್ತ ಕುಳಿತೆ. ದೂರವನ್ನಷ್ಟೇ ಹೇಳಿ ಪ್ರಯಾಣದ ಅವಧಿ ಹೇಳಿಬಿಡುವ ಲೆಕ್ಕಗಳು ಈ ಗಾಳಿಯನ್ನು ಎಣಿಸುವುದೇ ಇಲ್ಲ.

ನಮ್ಮ ವಿಮಾನ ಏರ್‌ಬಸ್ ಎ350ರ, ಬಹುದೂರದ ಹಾರಾಟಕ್ಕೆಂದೇ ಮಾಡಿದ ವಿಶೇಷ ಮಾದರಿ. ಅದರ ಟ್ಯಾಂಕುಗಳಲ್ಲಿ 1,65,000 ಲೀಟರ್ ಇಂಧನ ಹಿಡಿಯುತ್ತದೆ. ಹೊರಡುವಾಗಿನ ತೂಕದಲ್ಲಿ ಅರ್ಧಕ್ಕೆ ಹತ್ತಿರದಷ್ಟು ಭಾಗ ಇಂಧನದ್ದೇ ಆಗಬಹುದು. ಆ ಭಾರ ಹೊತ್ತು ಮೊದಲೇ ತೀರಾ ಮೇಲಕ್ಕೆ ಏರಲಾಗದು. ಇಂಧನ ಉರಿದು ಹಗುರವಾದಂತೆ ಹಂತಹಂತವಾಗಿ ಏರಬೇಕು. ಅಷ್ಟು ಹೊತ್ತು ಇಬ್ಬರೇ ನಡೆಸುವುದು ಸಾಧ್ಯವಿಲ್ಲ, ಹಾಗಾಗಿ ನಾಲ್ವರು ಪೈಲಟ್‌ಗಳು ಸರದಿಯಲ್ಲಿ ದುಡಿಯುತ್ತಾರೆ.

ಜಪಾನಿನ ಪೂರ್ವದ ಕಡಲ ಮೇಲೆ ಸೂರ್ಯ ಹುಟ್ಟಿದ. ಕಿಟಕಿಯ ಅಂಚಿನಲ್ಲಿ ಕಟ್ಟಿದ್ದ ಹಿಮದ ಹರಳುಗಳು ಮೊದಲು ಕೆಂಪಾಗಿ, ಆಮೇಲೆ ಬೆಳ್ಳಗಾದವು. ನಾವು ಸೂರ್ಯನ ಎದುರಿಗೇ ಓಡುತ್ತಿದ್ದುದರಿಂದ ಹಗಲು ಆರು ಗಂಟೆಯೂ ಉಳಿಯಲಿಲ್ಲ. ಅಮೆರಿಕದ ನೆಲ ಕಾಣುವ ಹೊತ್ತಿಗೆ ಮತ್ತೆ ಕತ್ತಲು. ಉಳಿದ ದಾರಿಯಲ್ಲಿ ಆಗೊಂದು ಈಗೊಂದು ಊರಿನ ದೀಪ ಬಿಟ್ಟರೆ ಹೇಳುವಂಥದ್ದೇನೂ ಇರಲಿಲ್ಲ.

ಸುಮಾರು 18 ಗಂಟೆಗಳ ನಂತರ, ಇನ್ನೂ ಬೆಳಕು ಹರಿಯುವ ಮುನ್ನ ಇಳಿದೆವು. ಒಂದು ಪೂರ್ತಿ ಹಗಲು ಕಳೆದಿದ್ದರೂ ನಡುವೆ ದಿನಾಂಕ ರೇಖೆ ದಾಟಿದ್ದರಿಂದ ತಾರೀಖು ಹೊರಟಾಗಿನದೇ. ಮರಳುವಾಗಲೂ ವಿಮಾನ ಪೂರ್ವಕ್ಕೇ ಹೊರಟು ಅಟ್ಲಾಂಟಿಕ್, ಯುರೋಪ್ ದಾಟಿ ಸಿಂಗಪುರ ಸೇರಿತು. ಅಲ್ಲೂ ಪಶ್ಚಿಮದ ಗಾಳಿಯೇ ಹಿಂದಿನಿಂದ ತಳ್ಳುತ್ತಿತ್ತು. ಹೀಗೆ ಭೂಮಿಗೆ ಪೂರ್ತಿ ಒಂದು ಸುತ್ತು ಬಂದದ್ದರಿಂದ, ಸಿಂಗಪುರದಲ್ಲೇ ಉಳಿದವರಿಗಿಂತ ಒಂದು ಸೂರ್ಯೋದಯ ನನ್ನ ಪಾಲಿಗೆ ಹೆಚ್ಚಾಗಿ ಬಂದಿತ್ತು.