ಸಾಲು ಮರೆತಾಗ ಎಲಾ ಮಾಡಿದ್ದು

1960ರ ಫೆಬ್ರವರಿ 13, ಪಶ್ಚಿಮ ಬರ್ಲಿನ್‌ನ ಡಾಯ್ಚ್‌ಲಾಂಡ್‌ಹಾಲೆ. ತುಂಬಿದ ಸಭೆಯ ಮುಂದೆ ಅಮೆರಿಕದ ಜ್ಯಾಝ್ ಗಾಯಕಿ ಎಲಾ ಫಿಟ್ಸ್‌ಜೆರಾಲ್ಡ್ ಹಾಡುತ್ತ ಹಾಡುತ್ತ ಸಾಹಿತ್ಯ ಮರೆತರು. ಅಂದಿನ ಧ್ವನಿಮುದ್ರಣ ಉಳಿದಿದೆ. ಜ್ಯಾಝ್ ಗಾಯನ ಎಂದರೇನು ಎಂದು ಕೇಳಿದವರಿಗೆ ನಾನು ಮೊದಲು ಕೇಳಿಸುವುದು ಐದು ನಿಮಿಷವೂ ಇಲ್ಲದ ಈ ಹಾಡನ್ನೇ.

ಹಾಡು ‘ಮ್ಯಾಕ್ ದ ನೈಫ್’. ಹುಟ್ಟಿದ್ದು ಅದೇ ಊರಲ್ಲಿ, 1928ರ ‘ತ್ರೀಪೆನಿ ಒಪೆರಾ’ ಎಂಬ ಸಂಗೀತ ನಾಟಕಕ್ಕಾಗಿ. ಸಾಹಿತ್ಯ ಜರ್ಮನ್ ನಾಟಕಕಾರ ಬ್ರೆಕ್ಟ್‌ದು, ಸಂಗೀತ ಕುರ್ಟ್ ವೈಲ್‌ದು. ಯಹೂದಿಯಾಗಿದ್ದ ವೈಲ್ 1933ರಲ್ಲಿ ಜರ್ಮನಿ ಬಿಟ್ಟು ಹೋಗಬೇಕಾಯಿತು. ಅವರನ್ನು ಓಡಿಸಿದ ನಾಜಿ ಆಡಳಿತವೇ ಈ ಸಭಾಂಗಣವನ್ನೂ ಕಟ್ಟಿಸಿದ್ದು, 1936ರ ಒಲಿಂಪಿಕ್ಸ್‌ಗೆಂದು. ಜ್ಯಾಝ್ ಕಪ್ಪು ಜನರ ಸಂಗೀತವೆಂದು ಅದನ್ನು ಹೀನಾಯವಾಗಿ ಜರೆದಿದ್ದೂ ನಾಜಿಗಳೇ. ಯುದ್ಧದಲ್ಲಿ ಹಾಳಾಗಿ ಮತ್ತೆ ಎದ್ದ ಆ ಕಟ್ಟಡದಲ್ಲಿ 42 ವರ್ಷದ ಕಪ್ಪು ಹೆಣ್ಣುಮಗಳೊಬ್ಬಳು ವೈಲ್‌ರ ಹಾಡನ್ನು ಜ್ಯಾಝ್ ಮಾಡಿ ಹಾಡುತ್ತಿದ್ದಾಳೆ ಎಂಬುದನ್ನು ನೆನಪಿಟ್ಟುಕೊಂಡೇ ಕೇಳಬೇಕು.

ಮರೆತದ್ದು ಯಾಕೆ ಎನ್ನುವುದಕ್ಕೆ ಹಾಡಿನ ರಚನೆಯಲ್ಲೇ ಉತ್ತರವಿದೆ. ಆ ಕಾಲದ ಬಹಳಷ್ಟು ಜ್ಯಾಝ್ ಹಾಡುಗಳಲ್ಲಿ 32 ಬಾರ್‌ಗಳಿರುತ್ತವೆ (ಬಾರ್ ಎಂದರೆ ತಾಳದ ಒಂದು ಆವರ್ತ). ಎಂಟೆಂಟರ ನಾಲ್ಕು ತುಂಡುಗಳಲ್ಲಿ ಹೆಚ್ಚಾಗಿ ಮೂರನೆಯದರ ಧಾಟಿಯೇ ಬೇರೆಯಾಗಿರುತ್ತದೆ, ಎಲ್ಲಿದ್ದೇವೆ ಎಂದು ಗಾಯಕರಿಗೆ ಅದೇ ಗುರುತು ಹೇಳುತ್ತದೆ. ಇಲ್ಲಿ ಆ ಗುರುತಿಲ್ಲ. 16 ಬಾರ್‌ಗಳ ಒಂದೇ ಧಾಟಿ, ಅದರ ಮೇಲೆ ನುಡಿಯ ಮೇಲೆ ನುಡಿ. ನುಡಿಗಳಲ್ಲೋ ಕೊಲೆಗಳ, ಹೆಸರುಗಳ ಪಟ್ಟಿ. ಒಂದು ಜಾರಿದರೆ ಮುಂದಿನದಕ್ಕೆ ದಾರಿ ಸಿಗುವುದಿಲ್ಲ. ಬೇಸರ ಬರದಿರಲೆಂದು ನಡುನಡುವೆ ಶ್ರುತಿಯನ್ನೇ ಅರ್ಧ ಸ್ವರ ಏರಿಸುತ್ತಾರೆ. ತಂಬೂರಿಯ ಶ್ರುತಿಯನ್ನು ಕೀರ್ತನೆಯ ಮಧ್ಯೆ ಹಲವು ಸಲ ಬದಲಿಸಿದರೆ ಹೇಗಿರುತ್ತದೋ ಹಾಗೆ. ಎಲಾ ಶುರುವಿನಲ್ಲೇ, ಪದಗಳೆಲ್ಲ ನೆನಪಿದ್ದರೆ ಸಾಕು ಎಂಬರ್ಥದ ಮಾತು ಹೇಳಿದ್ದರು.

ಪದ ಕೈಕೊಟ್ಟಾಗ ಸಾಮಾನ್ಯವಾಗಿ ಆಗುವುದೇನು? ಗಾಯಕರು ಒಂದು ಸ್ವರವನ್ನು ಎಳೆದು ಹಿಡಿಯುತ್ತಾರೆ, ಪಿಯಾನೋದವರತ್ತ ತಿರುಗುತ್ತಾರೆ, ಗಾಬರಿಯಲ್ಲಿ ಲಯ ಓಡುತ್ತದೆ. ಕಾಯಬೇಕೋ ಮುಂದೆ ಹೋಗಬೇಕೋ ತಿಳಿಯದೆ ವಾದ್ಯದವರೂ ತಡವರಿಸುತ್ತಾರೆ. ಇಲ್ಲಿ ಹಾಗಾಗಲಿಲ್ಲ. ಮುಂದಿನ ನುಡಿ ಯಾವುದು, ನನಗೆ ಗೊತ್ತಿಲ್ಲವಲ್ಲ ಎಂಬುದನ್ನೇ ಎಲಾ ಆ ಧಾಟಿಗೆ ಕೂರಿಸಿದರು. ಗಮನಿಸಬೇಕಾದದ್ದು ನುಡಿಯ ಮುಕ್ತಾಯ. ಏನೆಲ್ಲ ಕಟ್ಟಿ ಹಾಡಿದರೂ ಹಾಡಿನ ಹೆಸರಿಗೆ ಸರಿಯಾಗಿ ಬಂದು ನಿಲ್ಲುತ್ತಾರೆ, ಕರ್ನಾಟಕ ಸಂಗೀತದಲ್ಲಿ ಸ್ವರಕಲ್ಪನೆ ಮುಗಿಸಿ ಎಡುಪಿಗೆ, ಅಂದರೆ ಸಾಲು ಶುರುವಾಗುವ ತಾಳದ ಜಾಗಕ್ಕೆ, ಬರುವ ಹಾಗೆ. ಹೀಗಾಗಿ ಪಿಯಾನೋದ ಪಾಲ್ ಸ್ಮಿತ್, ಗಿಟಾರಿನ ಜಿಮ್ ಹಾಲ್, ಮಂದ್ರ ಸ್ವರದ ತಂತಿವಾದ್ಯ ಬಾಸ್‌ನ ವಿಲ್ಫ್ರೆಡ್ ಮಿಡಲ್‌ಬ್ರೂಕ್ಸ್, ಡ್ರಮ್‌ನ ಗಸ್ ಜಾನ್ಸನ್ ಯಾರೂ ನಿಲ್ಲಬೇಕಾಗಲಿಲ್ಲ. ಒಮ್ಮೆ ಬಾಸ್ ಒಂದನ್ನೇ ಹಿಂಬಾಲಿಸಿ ಕೇಳಿ. ಸಾಹಿತ್ಯ ಬಿದ್ದುಹೋದ ಜಾಗ ಅದರಲ್ಲಿ ಗೊತ್ತೇ ಆಗುವುದಿಲ್ಲ.

ಇದನ್ನು ಅದೃಷ್ಟ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. 1935ರಿಂದ ಎಲಾ ಹಾಡಿದ್ದು ಡ್ರಮ್ ವಾದಕ ಚಿಕ್ ವೆಬ್ ವಾದ್ಯವೃಂದದಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಕುಣಿಯುವ ಜನರ ಮುಂದೆ. ಕುಣಿಯುವ ಕಾಲುಗಳಿಗೆ ಲಯ ನಿಲ್ಲಿಸುವ ಹಾಗಿಲ್ಲ. ಮುಂದೆ ಟ್ರಂಪೆಟ್ ವಾದಕ ಡಿಝೀ ಗಿಲೆಸ್ಪಿಯ ತಂಡದ ಜೊತೆ ತಿರುಗಾಡುತ್ತ, ಪದವೇ ಇಲ್ಲದೆ ಬರಿಯ ಅಕ್ಷರಗಳಲ್ಲಿ ಹಾಡುವ ಸ್ಕ್ಯಾಟ್ ಅನ್ನು ವಾದ್ಯದ ವೇಗಕ್ಕೆ ಹುರಿಗೊಳಿಸಿಕೊಂಡರು. ‘ಹೌ ಹೈ ದ ಮೂನ್’ನ 1947ರ ಮುದ್ರಣದಲ್ಲೇ, ಪದ ತಪ್ಪಿರಬಹುದು ಎಂದು ಹಾಡಿನೊಳಗೇ ಹೇಳುತ್ತಾರೆ. ಬರ್ಲಿನ್‌ನಲ್ಲಿ ಅದೇ ಹಾಡು ಏಳು ನಿಮಿಷದಷ್ಟು ಬೆಳೆದಿದೆ. ಎರಡನ್ನೂ ಬೆನ್ನಿಗೇ ಕೇಳಿದರೆ ಆ ರಾತ್ರಿಯ ಹಿಂದಿನ ವರ್ಷಗಳು ಕೇಳಿಸುತ್ತವೆ.

‘ಮ್ಯಾಕ್’ಗೂ ಆ ರಾತ್ರಿಯ ಹಾಡುಗಳ ಸಂಗ್ರಹಕ್ಕೂ ಒಂದೊಂದು ಗ್ರ್ಯಾಮಿ ಪ್ರಶಸ್ತಿ ಬಂತು. ಹಾಡಿನ ಉತ್ತರಾರ್ಧದಲ್ಲಿ ಎಲಾ ತಮಗಿಂತ ಮೊದಲು ಇದನ್ನು ಹಾಡಿದ್ದ ಬಾಬಿ ಡಾರಿನ್, ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರುಗಳನ್ನು ಎಳೆದು ತರುತ್ತಾರೆ, ಆರ್ಮ್‌ಸ್ಟ್ರಾಂಗರ ಒರಟು ಗಂಟಲನ್ನು ಅನುಕರಿಸುತ್ತಾರೆ. ಜೊತೆಗೆ ತಮ್ಮ ಹೆಸರನ್ನೂ ಸೇರಿಸಿ, ಎಲಾ ಮತ್ತು ಅವಳ ಹುಡುಗರು ಈ ಹಾಡನ್ನು ಕೆಡಿಸಿಬಿಟ್ಟರು ಎಂದು ಹಾಡುತ್ತಾರೆ, ಲಯ ಒಂದಿಷ್ಟೂ ಅಲ್ಲಾಡದಂತೆ.