ಅಪ್ಪೆಮಿಡಿ ವೆಬ್‌ಸೈಟ್: ಗೂಗಲ್ ಹುಡುಕಾಟದಲ್ಲಿ ಎಲ್ಲಿಗೆ ಬಂತು

ಶಿರಸಿ, ಸಿದ್ದಾಪುರ, ಸಾಗರ ಕಡೆಯ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನ ತಳಿಗಳಿಗಾಗಿ ಕನ್ನಡದಲ್ಲೇ ಒಂದು ವೆಬ್‌ಸೈಟ್ ಮಾಡುತ್ತಿದ್ದೇನೆ. ತಳಿಗೊಂದು ಪುಟ. ಮಿಡಿಯ ಆಕಾರ, ಸೊನೆಯ ಪರಿಮಳ, ಉಪ್ಪಿನಲ್ಲಿ ಎಷ್ಟು ಕಾಲ ತಾಳುತ್ತದೆ, ಮರ ಇರುವುದು ಯಾವ ಹೊಳೆಯ ದಂಡೆಯಲ್ಲಿ, ಇಷ್ಟೂ ಅಲ್ಲಿ ಸಿಗಬೇಕು. ಬರೆಯುವ ಕೆಲಸ ಒಂದು ಹಂತಕ್ಕೆ ಬಂದಿದೆ. ಈಗಿನ ಕೆಲಸ, ಹುಡುಕುವವರ ಕಣ್ಣಿಗೆ ಆ ಪುಟಗಳು ಬೀಳುವಂತೆ ಮಾಡುವುದು.

ನಮ್ಮ ಸೈಟ್ ಹುಡುಕಾಟದಲ್ಲಿ ಹೇಗಿದೆ ಅಂತ ತೋರಿಸುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಡೊಮೈನ್ ಸೇರಿಸಿ, ಸೈಟ್ ನನ್ನದೇ ಅಂತ ತೋರಿಸಲು ಡಿಎನ್‌ಎಸ್‌ನಲ್ಲಿ (ಡೊಮೈನ್‌ನ ದಾಖಲೆಗಳಲ್ಲಿ) ಟಿಎಕ್ಸ್‌ಟಿ ಸಾಲು ಹಾಕಿ, ಸೈಟ್‌ಮ್ಯಾಪ್ ಕೊಟ್ಟೆ. ಅದು ಸಲೀಸಾಗಿ ಮುಗಿಯಿತು. ಆದರೆ ಬಹಳ ಪುಟಗಳ ಮುಂದೆ 'ಡಿಸ್ಕವರ್ಡ್ - ಕರೆಂಟ್ಲಿ ನಾಟ್ ಇಂಡೆಕ್ಸ್ಡ್' ಅಂತಲೇ ತೋರಿಸುತ್ತಿತ್ತು. ಗೂಗಲ್‌ಗೆ ವಿಳಾಸ ಗೊತ್ತಾಗಿದೆ, ಬಂದು ಓದಿ ತನ್ನ ಹುಡುಕಾಟದ ಪಟ್ಟಿಗೆ (ಇಂಡೆಕ್ಸ್) ಸೇರಿಸುವುದು ಇನ್ನೂ ಬಾಕಿ ಅಂತ ಅರ್ಥ. ಹೊಸ ಸೈಟ್‌ಗೆ ಇದು ಮಾಮೂಲು. ಸೈಟ್‌ಮ್ಯಾಪ್ ಬರೀ ವಿಳಾಸಗಳ ಪಟ್ಟಿ, ಯಾವ ಪುಟ ಮುಖ್ಯ ಅಂತ ಅದರಿಂದ ತಿಳಿಯುವುದಿಲ್ಲ. ಅದನ್ನು ಹೇಳುವುದು ಕೊಂಡಿಗಳು (ಲಿಂಕ್‌ಗಳು).

ನಮ್ಮ ಮುಖಪುಟದಲ್ಲಿ ಕೆಳಗೆ ಸರಿಸುತ್ತ ಹೋದಂತೆ ತಳಿಗಳು ಒಂದೊಂದಾಗಿ ಲೋಡ್ ಆಗುತ್ತಿದ್ದವು. ಫೋನಿನಲ್ಲಿ ನೋಡಲು ಚೆಂದ. ಆದರೆ ಪುಟಗಳನ್ನು ಓದಲು ಬರುವ ಗೂಗಲ್‌ನ ಪ್ರೋಗ್ರಾಂ, ಗೂಗಲ್‌ಬಾಟ್, ನಮ್ಮ ಹಾಗೆ ಸ್ಕ್ರೋಲ್ ಮಾಡುವುದಿಲ್ಲ, ಬಟನ್ ಒತ್ತುವುದಿಲ್ಲ. ಹಾಗಾಗಿ ಎಲ್ಲ ತಳಿಗಳ ಹೆಸರೂ ಸಾದಾ ಕೊಂಡಿಗಳಾಗಿ ಇರುವ ಒಂದು ಪಟ್ಟಿ ಪುಟ ಮಾಡಿದೆ. ಜೀರಿಗೆ ವಾಸನೆಯ ಮಿಡಿಗಳು ಒಂದು ಕಡೆ, ಕರ್ಪೂರದ ವಾಸನೆಯವು ಇನ್ನೊಂದು ಕಡೆ. ಪ್ರತಿ ತಳಿಯ ಪುಟದಿಂದ ಅದೇ ಹೊಳೆಯ ಬೇರೆ ತಳಿಗಳಿಗೂ ದಾರಿ ಕೊಟ್ಟೆ. ಸಸಿ ಮಾರುವ ಗೆಳೆಯರೊಬ್ಬರು ತಮ್ಮ ಸೈಟ್‌ನಿಂದ ಆ ಪಟ್ಟಿಗೆ ಕೊಂಡಿ ಹಾಕಿದರು. ಅದಾದ ಮೇಲೆ ಪುಟಗಳು ಒಂದೊಂದಾಗಿ ಇಂಡೆಕ್ಸ್ ಆಗತೊಡಗಿದವು. ನಾನಂತೂ ತುಂಬಾ ಖುಷಿಪಟ್ಟೆ.

ಅಕ್ಷರಗಳ ಕೆಲಸ ಇದಕ್ಕಿಂತ ಜಾಸ್ತಿ ಹಿಡಿಯಿತು. ಹಿರಿಯರೊಬ್ಬರು ಕೊಟ್ಟ ಟಿಪ್ಪಣಿಗಳೆಲ್ಲ ಹಳೆಯ ನುಡಿ ಫಾಂಟ್‌ನಲ್ಲಿದ್ದವು. ಅದನ್ನು ಹಾಗೇ ಹಾಕಿದರೆ ಸರ್ಚ್ ಎಂಜಿನ್‌ಗೆ ಅದು ಕನ್ನಡವೇ ಅಲ್ಲ, ಅರ್ಥವಿಲ್ಲದ ಚಿಹ್ನೆಗಳ ಸಾಲು. ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ ಪದ್ಧತಿಯಾದ ಯೂನಿಕೋಡ್‌ಗೆ ಪರಿವರ್ತಿಸಿದ ಮೇಲೂ ಒಂದು ಸೂಕ್ಷ್ಮ ಉಳಿದಿತ್ತು. 'ಸೊನೆ' ಪದವನ್ನೇ ನೋಡಿ. ಅದರ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಎಕಾರ ಮತ್ತು ಊಕಾರದ ಎರಡು ಸಂಕೇತ ಜೋಡಿಸಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಒಳಗೆ ಬೈಟ್‌ಗಳು ಬೇರೆ. ಸೈಟ್ ಒಳಗಿನ ಹುಡುಕಾಟದಲ್ಲಿ ಒಂದು ಸಿಕ್ಕರೆ ಇನ್ನೊಂದು ಸಿಗುತ್ತಿರಲಿಲ್ಲ. ಅದಕ್ಕೆ ಪುಟಗಳನ್ನೆಲ್ಲ ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಕಾರಕ್ಕೆ ಒಂದೇ ಸಂಕೇತ ಇರುವ ರೂಪಕ್ಕೆ, ತರುವ ಸಣ್ಣ ಸ್ಕ್ರಿಪ್ಟ್ ಬರೆದೆ. ಈಗ ಹೊಸ ಪುಟ ಹಾಕುವಾಗಲೆಲ್ಲ ಅದು ತಾನೇ ಓಡುತ್ತದೆ.

ಪುಟದ ವಿಳಾಸ ಕನ್ನಡದಲ್ಲೇ ಇರಲಿ ಅಂತ ಆಸೆಯಿತ್ತು. ಗೂಗಲ್‌ಗೆ ಅದರಿಂದ ತೊಂದರೆಯಿಲ್ಲ. ಆದರೆ ಲಿಂಕ್ ಕಾಪಿ ಮಾಡಿದರೆ ಒಂದೊಂದು ಯೂನಿಕೋಡ್ ಸಂಕೇತವೂ ಶೇಕಡಾ ಚಿಹ್ನೆಗಳ ಜೊತೆ 9 ಅಕ್ಷರ ಆಗುತ್ತದೆ. ಒಳಗೆ 9 ಸಂಕೇತ ಇರುವ 'ಅಪ್ಪೆಮಿಡಿ' ಅನ್ನುವ ಒಂದು ಪದಕ್ಕೇ 81 ಅಕ್ಷರ! ವಾಟ್ಸಾಪ್‌ನಲ್ಲಿ ಅಂಥ ಲಿಂಕ್ ಬಂದರೆ ಜನ ಒತ್ತಲು ಹೆದರುತ್ತಾರೆ ಅಲ್ವಾ? ವಿಳಾಸ ಇಂಗ್ಲಿಷ್ ಅಕ್ಷರದಲ್ಲಿ, ಶೀರ್ಷಿಕೆ ಮತ್ತು ಬರಹ ಕನ್ನಡದಲ್ಲಿ ಅಂತ ತೀರ್ಮಾನಿಸಿದೆ.

ಕೀವರ್ಡ್ ಮೆಟಾ ಟ್ಯಾಗ್ (ಓದುಗರಿಗೆ ಕಾಣದಂತೆ ಪುಟದಲ್ಲಿಡುವ ಪದಗಳ ಪಟ್ಟಿ) ತುಂಬುವ ಗೋಜಿಗೆ ಹೋಗಲಿಲ್ಲ. ರ್‍ಯಾಂಕಿಂಗ್‌ಗೆ ಅದನ್ನು ನೋಡುವುದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ. ದುಡ್ಡು ಕೊಟ್ಟರೆ ನೂರಾರು ಬ್ಯಾಕ್‌ಲಿಂಕ್ (ಬೇರೆ ಸೈಟ್‌ಗಳಿಂದ ನಮ್ಮ ಸೈಟ್‌ಗೆ ಕೊಂಡಿ) ಕೊಡಿಸುತ್ತೇವೆ ಅಂತ ಬಂದ ಮೇಲ್‌ಗಳನ್ನೂ ಅಳಿಸಿದೆ. ಕೊಂಡ ಲಿಂಕ್‌ಗಳು ಗೂಗಲ್‌ನ ಸ್ಪ್ಯಾಮ್ ನಿಯಮಕ್ಕೆ ವಿರುದ್ಧ. ಫೋಟೋಗಳನ್ನು ಕಡಿಮೆ ಗಾತ್ರದ ವೆಬ್‌ಪಿ ರೂಪಕ್ಕೆ ಬದಲಿಸಿ, ಅಗಲ ಎತ್ತರ ನಮೂದಿಸಿದ್ದಾಯಿತು. ಪುಟದ ದೊಡ್ಡ ಚಿತ್ರ 2.5 ಸೆಕೆಂಡಿನೊಳಗೆ ಮೂಡಬೇಕು ಅನ್ನುವುದು ಗುರಿ. ಹಳ್ಳಿ ನೆಟ್‌ವರ್ಕ್‌ನಲ್ಲಿ ಇನ್ನೂ ಸ್ವಲ್ಪ ತಡವಾಗುತ್ತಿದೆ.

ಈಗ ಕುತೂಹಲ ಹುಟ್ಟಿಸಿರುವುದು ಸರ್ಚ್ ಕನ್ಸೋಲ್‌ನ ಪರ್ಫಾರ್ಮೆನ್ಸ್ ವರದಿ, ಅಂದರೆ ಜನ ಏನು ಹುಡುಕಿದಾಗ ನಮ್ಮ ಪುಟ ಕಂಡಿತು ಅನ್ನುವ ಲೆಕ್ಕ. ತಳಿಯ ಹೆಸರು ಹಾಕಿ ಹುಡುಕುವವರು ಕಡಿಮೆ. 'ಮಿಡಿ ಉಪ್ಪಿನಕಾಯಿ ಮೆತ್ತಗಾಗದಂತೆ', 'ಮಿಡಿಗೆ ಉಪ್ಪು ಎಷ್ಟು' ಅಂತ ಕೇಳುವವರೇ ಜಾಸ್ತಿ. ಅದೂ ಎಷ್ಟೋ ಸಲ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ. ನಮ್ಮ ಪುಟ ಅಲ್ಲಿ ಇಣುಕುತ್ತಿದೆ, ಕ್ಲಿಕ್ ಆಗುತ್ತಿಲ್ಲ, ಯಾಕೆಂದರೆ ಆ ಪ್ರಶ್ನೆಗೆ ನೇರ ಉತ್ತರ ನಮ್ಮಲ್ಲಿಲ್ಲ. ಆ ಜನರಿಗೆ ಉತ್ತರ ಕೊಡಲೇಬೇಕು ಅನ್ನಿಸಿದೆ.

ಹಾಗಾಗಿ ಮುಂದಿನ ಪುಟ ಉಪ್ಪು ಹಾಕುವುದರ ಬಗ್ಗೆ: ತೊಟ್ಟು ಎಷ್ಟು ಉಳಿಸಬೇಕು, ಮಿಡಿ ನೀರು ಬಿಟ್ಟು ಮುರುಟುವವರೆಗೆ ಏನೇನು ನೋಡಿಕೊಳ್ಳಬೇಕು, ಯಾವ ತಳಿ ಗಟ್ಟಿ ಉಳಿಯುತ್ತದೆ. ಶೀರ್ಷಿಕೆಯಲ್ಲಿ ಜನ ಕೇಳುವ ಮಾತನ್ನೇ ಇಡುತ್ತೇನೆ. ಇಂಗ್ಲಿಷ್ ಅಕ್ಷರದ ಹೆಸರನ್ನೂ ಒಂದು ಸಲ ಬರಹದೊಳಗೆ ಸೇರಿಸುತ್ತೇನೆ. ಮಿಡಿ ಕೊಯ್ಲು ಶುರುವಾಗುವ ಮೊದಲೇ ಅದು ಇಂಡೆಕ್ಸ್ ಆಗಿರಬೇಕು. ಬಿಂಗ್ ಸರ್ಚ್ ಎಂಜಿನ್‌ಗೆ ಹೊಸ ಪುಟದ ಸುದ್ದಿ ಕೂಡಲೇ ಮುಟ್ಟಿಸುವ ಇಂಡೆಕ್ಸ್‌ನೌ ಜೋಡಿಸುವ ಕೆಲಸ ಅದರ ನಂತರ.